ತಗಡಿನ ಥಿಯೇಟರಿನ ಬಾಗಿಲ ಹುಡುಗ

(ವಿಜಯಪುರದಲ್ಲಿ ಸಿನಿಮಾ ನೋಡುವ ಗೆಳೆಯರ ಬಳಗದ ಮುಂದೆ ಆಡಿದ ಮಾತು. ಆಡಿದ್ದು ನಮ್ಮ ಕಡೆಯ ಭಾಷೆಯಲ್ಲಿ. ಬರೆಯಲು ಕೂತಾಗ ಮುಕ್ಕಾಲು ಪಾಲು ಪುಸ್ತಕದ ಕನ್ನಡವಾಯಿತು, ಉಳಿದದ್ದನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ಶರಣ್ರಿ.

ವ್ಹಿ. ಶಾಂತಾರಾಮರ ಮೇಲೆ ಒಂದು ತಾಸು ಮಾತಾಡಬೇಕು ಅಂತ ಬಳಗದವರು ಫೋನ್ ಮಾಡಿದಾಗ ನಾನು ಹಿಂದೆಮುಂದೆ ನೋಡಿದೆ. ಅವರು ಕೊಲ್ಹಾಪುರದವರು, ಸಿನಿಮಾ ಮಾಡಿದ್ದು ಮರಾಠಿ ಮತ್ತು ಹಿಂದಿಯಲ್ಲಿ. ನಟನಾಗಿ ಬಂದು ನಿರ್ದೇಶಕರಾದವರು ಕನ್ನಡದಲ್ಲೇ ಬೇಕಾದಷ್ಟು ಮಂದಿ ಇರುವಾಗ ಇವರ ಕಥೆ ಇಲ್ಲಿ ಯಾಕೆ ಅಂತ ಕೇಳಿದೆ. ಆ ಕಡೆಯಿಂದ ಮರುಪ್ರಶ್ನೆ ಬಂತು: "ಸರ, ಸಾಲ್ಯಾಗ ಪ್ರಾರ್ಥನಾ ಏನು ಹಾಡತಿದ್ರಿ?"

ಫೋನ್ ಹಿಡಿದುಕೊಂಡೇ ನಕ್ಕುಬಿಟ್ಟೆ. "ಏ ಮಾಲಿಕ್ ತೇರೇ ಬಂದೇ ಹಮ್." ಹಿಂದಿಯ ಗಂಧಗಾಳಿ ಇಲ್ಲದ ಹುಡುಗರು ನಾವು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಜೋಳದ ರೊಟ್ಟಿ ತಿಂದ ಗಂಟಲಲ್ಲಿ ಅದನ್ನು ದಿನಾ ಹಾಡುತ್ತಿದ್ದೆವು. ಭರತ್ ವ್ಯಾಸ್ ಬರೆದದ್ದು, ವಸಂತ ದೇಸಾಯಿ ರಾಗ ಹಾಕಿದ್ದು, ಲತಾ ಮಂಗೇಶ್ಕರ್ ಹಾಡಿದ್ದು ಅನ್ನುವುದೆಲ್ಲ ಆಗ ಯಾರಿಗೆ ಗೊತ್ತು? ಎಷ್ಟೋ ವರ್ಷದ ಮೇಲೆ ನೆರೆಮನೆಯ ಟಿವಿಯಲ್ಲಿ ಆ ಸಿನಿಮಾ ಬಂದಾಗ, "ಏ, ಇದು ನಮ್ಮ ಸಾಲಿ ಹಾಡು, ಇವರ್ಯಾಕ ಹಾಡಾಕತ್ತಾರ?" ಅಂತ ಕೂಗಿದವನು ನಾನು. ಮನೆಯ ಯಜಮಾನರು ಗದರಿಸಿ ಕೂಡಿಸಿದರು. ಶಾಂತಾರಾಮರ 1957ರ ‘ದೋ ಆಂಖೇ ಬಾರಹ್ ಹಾಥ್’ ನನಗೆ ಗುರುತಾದದ್ದು ಹೀಗೆ.

ಆ ಸಿನಿಮಾಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಹುಬ್ಬಳ್ಳಿಗೆ ಹೋಗಬೇಕು.

ಶಾಂತಾರಾಮ ರಾಜಾರಾಮ ವಣಕುದ್ರೆ ಹುಟ್ಟಿದ್ದು 1901ರ ನವೆಂಬರ್ 18ರಂದು, ಕೊಲ್ಹಾಪುರದಲ್ಲಿ. ಹೆಸರಿನ ಮುಂದಿನ ‘ವ್ಹಿ’ ಅಂದರೆ ವಣಕುದ್ರೆ. ಸಾಲಿ ಹೆಚ್ಚು ಹತ್ತಲಿಲ್ಲ. ಹುಡುಗನಿದ್ದಾಗಲೇ ಮರಾಠಿ ರಂಗನಟ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿಗೆ ಸೇರಿದ. ಆ ಮಂಡಳಿ 1913ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯಿಂದ ಒಡೆದು ಹುಟ್ಟಿದ್ದು. ಕಿರ್ಲೋಸ್ಕರ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ಸಂಗೀತ ನಾಟಕದ ತಾಯಿಬೇರು ಮಲಪ್ರಭೆಯ ಸೀಮೆಯಲ್ಲಿದೆ ಅಂತ ಹೇಳಿದರೆ ಈಗಲೂ ಕೆಲವರು ಹುಬ್ಬೇರಿಸುತ್ತಾರೆ. ಏರಿಸಲಿ.

ನಾಟಕದ ಕಂಪನಿ ಬಿಟ್ಟ ಹುಡುಗ ಹದಿನಾರರ ಸುಮಾರಿಗೆ ಹುಬ್ಬಳ್ಳಿಯಲ್ಲಿದ್ದ. ಹಗಲು ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಅದು ಮುಗಿದ ಮೇಲೆ ತಗಡಿನ ಶೆಡ್ಡಿನ ಒಂದು ಸಿನಿಮಾ ಥಿಯೇಟರಿನಲ್ಲಿ ಬಾಗಿಲು ಕಾಯುವುದು. ಅಲ್ಲೇ ಬೋರ್ಡು ಬರೆಯುವುದನ್ನೂ ಕಲಿತ. ಮೂಕಿ ಸಿನಿಮಾಗಳ ಕಾಲ. ಒಳಗೆ ಓಡುತ್ತಿದ್ದದ್ದನ್ನು ಬಾಗಿಲಲ್ಲಿ ನಿಂತೇ ನೋಡುವುದು, ಪುಗಸಟ್ಟೆ.

ಬಾಗಿಲ ಹುಡುಗನ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ವಿಚಾರ ಮಾಡ್ರಿ. ಟಿಕೇಟು ಕೊಂಡು ಕೂತವನು ಪರದೆಯನ್ನಷ್ಟೇ ನೋಡುತ್ತಾನೆ. ಬಾಗಿಲಲ್ಲಿ ನಿಂತವನ ಒಂದು ಕಣ್ಣು ಕಳ್ಳತನದಲ್ಲಿ ನುಸುಳುವವರ ಮೇಲೆ, ಒಂದು ಕಣ್ಣು ಪರದೆಯ ಮೇಲೆ, ನಡುನಡುವೆ ಜನರ ಮುಖದ ಮೇಲೆ. ಎಲ್ಲಿ ನಗುತ್ತಾರೆ, ಎಲ್ಲಿ ಮೈ ಮುರಿಯುತ್ತಾರೆ, ಎಲ್ಲಿ ಬೀಡಿ ಹೊತ್ತಿಸಲು ಎದ್ದು ಬರುತ್ತಾರೆ, ಎಲ್ಲ ಅವನಿಗೆ ಗೊತ್ತು. ಒಂದೇ ಸಿನಿಮಾವನ್ನು ಇಪ್ಪತ್ತು ಸಲ ನೋಡಿದರೂ ಇಪ್ಪತ್ತು ಬೇರೆ ಬೇರೆ ಮಂದಿಯ ಜೊತೆ ನೋಡುತ್ತಾನೆ. ಶಾಂತಾರಾಮರಿಗೆ ನಿರ್ದೇಶನ ಕಲಿಸಿದ ಮೊದಲ ಸಾಲಿ ಈ ತಗಡಿನ ಶೆಡ್ಡು ಅಂತ ನನ್ನ ಎಣಿಕೆ. ಎಲ್ಲೂ ಬರೆದಿಟ್ಟ ಮಾತಲ್ಲ, ನಾನು ಹೇಳುತ್ತಿರುವುದು. ಅವರ ಸಿನಿಮಾಗಳ ತುಂಬ ಕಣ್ಣುಗಳೇ ಇವೆ. ನೋಡುವವನು, ಕಾಯುವವನು, ಕಣ್ಣಲ್ಲೇ ಹೆದರಿಸುವವನು, ಕಣ್ಣಲ್ಲೇ ನಂಬುವವನು. ನಟನಾಗಿಯೂ ಅವರು ಗೆದ್ದದ್ದು ಸುಮ್ಮನೆ ನಿಂತು ನೋಡಿದಾಗ. ಬಾಯಿ ತೆರೆದಾಗ ಅಷ್ಟಕ್ಕಷ್ಟೆ.

ಮುಂದೆ ಕೊಲ್ಹಾಪುರಕ್ಕೆ ವಾಪಸ್ಸು, ಬಾಬುರಾವ ಪೇಂಟರರ ಮಹಾರಾಷ್ಟ್ರ ಫಿಲ್ಮ್ ಕಂಪನಿಗೆ. ಪೇಂಟರರು ಕ್ಯಾಮರಾವನ್ನೇ ಸ್ವಂತ ಕೈಯಲ್ಲಿ ಮಾಡಿಕೊಂಡ ಮಹಾನುಭಾವರು. ಅಲ್ಲಿ ನಟ, ಆಳು ಅಂತ ಭೇದವಿರಲಿಲ್ಲ. ಬಣ್ಣ ಹಚ್ಚಿಕೊಂಡವನೇ ಸೆಟ್ಟಿನ ಹಲಗೆಯನ್ನೂ ಹೊರಬೇಕು. 1921ರ ‘ಸುರೇಖಾ ಹರಣ’ದಲ್ಲಿ ಶಾಂತಾರಾಮ ಬಣ್ಣ ಹಚ್ಚಿದರು. ಆದರೆ ನೆನಪಿಡಬೇಕಾದದ್ದು 1925ರ ‘ಸಾವಕಾರಿ ಪಾಶ’. ದೇವರು, ರಾಕ್ಷಸರು, ರಾಜರು ಬಿಟ್ಟರೆ ಪರದೆಯ ಮೇಲೆ ಮತ್ತೇನೂ ಇಲ್ಲದ ಕಾಲದಲ್ಲಿ ಸಾಹುಕಾರನ ಸಾಲಕ್ಕೆ ಹೊಲ ಕಳೆದುಕೊಂಡು ಪಟ್ಟಣದ ಗಿರಣಿ ಸೇರುವ ರೈತನ ಕಥೆ. ಆ ರೈತ ಶಾಂತಾರಾಮ. ಇಲ್ಲಿ ಕೂತವರಲ್ಲಿ ಎಷ್ಟು ಮಂದಿಯ ಅಜ್ಜಂದಿರು ಬರಗಾಲದ ವರ್ಷ ಸೊಲ್ಲಾಪುರದ ಗಿರಣಿಗೆ ಹೋಗಿದ್ದರೋ ನೀವೇ ಹೇಳಬೇಕು. (ಇಲ್ಲಿ ನಾಲ್ಕೈದು ಕೈ ಮೇಲೆದ್ದವು.)

ಎರಡು ವರ್ಷದ ಮೇಲೆ, 1927ರಲ್ಲಿ, ‘ನೇತಾಜಿ ಪಾಲಕರ್’ ಮೂಲಕ ನಿರ್ದೇಶಕರಾದರು. 1929ರ ಜೂನ್ 1ಕ್ಕೆ ದಾಮ್ಲೆ, ಫತ್ತೇಲಾಲ, ಧಾಯ್ಬರ್ ಎನ್ನುವ ಜೊತೆಗಾರರೊಂದಿಗೆ, ಸೀತಾರಾಮಪಂತ ಕುಲಕರ್ಣಿಯವರ ಬಂಡವಾಳದಲ್ಲಿ, ಕೊಲ್ಹಾಪುರದಲ್ಲೇ ಪ್ರಭಾತ ಫಿಲ್ಮ್ ಕಂಪನಿ ಶುರುವಾಯಿತು. ಹೆಣ್ಣುಮಗಳೊಬ್ಬಳು ತುತ್ತೂರಿ ಊದುವ ಅದರ ಗುರುತು ಹಿರಿಯರಿಗೆ ನೆನಪಿರಬೇಕು. 1930ರ ‘ಉದಯಕಾಲ’ದಲ್ಲಿ ಶಾಂತಾರಾಮರೇ ಶಿವಾಜಿ, ಶಾಂತಾರಾಮರೇ ನಿರ್ದೇಶಕ. ಮೊದಲು ಇಟ್ಟ ಹೆಸರು ‘ಸ್ವರಾಜ್ಯದ ತೋರಣ’ ಅನ್ನುವ ಅರ್ಥದ್ದು. ಇಂಗ್ಲಿಷರ ಸೆನ್ಸಾರಿಗೆ ಸ್ವರಾಜ್ಯ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಹೊಟ್ಟೆನೋವು. ಹೆಸರು ಬದಲಾಯಿಸಬೇಕಾಯಿತು.

ಕೊಲ್ಹಾಪುರ ಅಂದ ತಕ್ಷಣ ನಮ್ಮದಲ್ಲದ ಊರು ಅನ್ನಬೇಡಿರಿ. ನಿಪ್ಪಾಣಿ, ಚಿಕ್ಕೋಡಿಯ ಮಂದಿಗೆ ಅದು ಸಂತೆಯ ಊರು. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನಾ’, ಚಿತ್ರೀಕರಣವಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕನ್ನಡ ಸಿನಿಮಾ ಮೊದಲ ಮಾತು ಆಡಿದ್ದು ಆ ಊರಲ್ಲಿ.

1932ರಲ್ಲಿ ಮರಾಠಿಯ ಮೊದಲ ಟಾಕಿ ‘ಅಯೋಧ್ಯೇಚಾ ರಾಜಾ’ ಬಂತು, ಅದೂ ಪ್ರಭಾತದ್ದೇ, ನಿರ್ದೇಶನ ಶಾಂತಾರಾಮರದ್ದೇ. ಮಾರನೆ ವರ್ಷ ಬಣ್ಣದ ಹುಚ್ಚು ಹತ್ತಿ ಜರ್ಮನಿಗೆ ಹೋಗಿ ‘ಸೈರಂಧ್ರಿ’ಯ ಪ್ರತಿ ತೆಗೆಸಿದರು. ಬಣ್ಣ ಕೂಡಲಿಲ್ಲ, ಕೈ ಸುಟ್ಟಿತು. ಆ ಹೊತ್ತಿಗೆ ಕಂಪನಿ ಪುಣೆಗೆ ಹೋಗಿತ್ತು. ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆಯಲ್ಲ, ಅದೇ ಆವರಣ. ಅಲ್ಲಿ ಮಾಡಿದ ಮೊದಲ ಸಿನಿಮಾ 1934ರ ‘ಅಮೃತ ಮಂಥನ’. ಅದರಲ್ಲಿ ಬಲಿಕೊಡಿಸುವ ರಾಜಗುರುವಿನ ಒಂದೇ ಒಂದು ಕಣ್ಣು ಟೆಲಿಫೋಟೋ ಲೆನ್ಸಿನಲ್ಲಿ ಪರದೆ ತುಂಬ ತುಂಬಿಕೊಂಡು ಬರುತ್ತದೆ. ಚಂದ್ರಮೋಹನ್ ಎಂಬ ನಟನ ಬೆಕ್ಕಿನ ಕಣ್ಣು ಅದು. ತಗಡಿನ ಥಿಯೇಟರಿನಲ್ಲಿ ಹಿಂದಿನ ಸಾಲಿನವರ ಮುಖ ನೋಡಿದ್ದವನಿಗೆ ಮಾತ್ರ ಇದು ಹೊಳೆದೀತು: ಎಲ್ಲರನ್ನೂ ಒಮ್ಮೆಗೇ ಹೆದರಿಸಬೇಕಾದರೆ ಭೂತ ಬೇಕಾಗಿಲ್ಲ, ಕಣ್ಣು ಸಾಕು.

1935ರಲ್ಲಿ ಇನ್ನೊಂದು ಸೋಜಿಗ. ‘ಧರ್ಮಾತ್ಮಾ’ ಸಿನಿಮಾದಲ್ಲಿ ಸಂತ ಏಕನಾಥನಾಗಿ ಬಾಲಗಂಧರ್ವರು. ಜೀವಮಾನವಿಡೀ ಸೀರೆ ಉಟ್ಟು ಸ್ತ್ರೀಪಾತ್ರ ಮಾಡಿದವರಿಗೆ ಗಂಡಸಿನ ವೇಷ. ಹಿಂದೆ ಯಾರ ಮಂಡಳಿಯಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದನೋ ಅವರಿಗೇ ಈಗ "ಇಲ್ಲಿ ನಿಲ್ಲಿ, ಅಲ್ಲಿ ನೋಡಿ" ಅಂತ ಹೇಳುವ ಜಾಗದಲ್ಲಿ ಆ ಹುಡುಗ. (ಇದರ ಮೊದಲ ಹೆಸರು ‘ಮಹಾತ್ಮಾ’. ಸೆನ್ಸಾರಿಗೆ ಮತ್ತೆ ಹೊಟ್ಟೆನೋವು.)

ನಾನು ಶಾಂತಾರಾಮರ ಅತ್ಯುತ್ತಮ ಕಾಲ ಅಂತ ಎಣಿಸುವುದು 1937ರಿಂದ 1941ರವರೆಗಿನ ನಾಲ್ಕೇ ವರ್ಷ. ಮೂರು ಸಿನಿಮಾ, ಒಂದರಲ್ಲೂ ಅವರು ನಾಯಕರಲ್ಲ.

‘ಕುಂಕು’, ಹಿಂದಿಯಲ್ಲಿ ‘ದುನಿಯಾ ನ ಮಾನೇ’. ಮುದುಕ ವಕೀಲನಿಗೆ ಮೋಸದಿಂದ ಕಟ್ಟಿದ ಹುಡುಗಿ, ಅವನನ್ನು ಗಂಡನೆಂದು ಒಪ್ಪುವುದೇ ಇಲ್ಲ. ಶಾಂತಾ ಆಪಟೆಯದು ಆ ಪಾತ್ರ. ಹಿನ್ನೆಲೆ ಸಂಗೀತವೇ ಇಲ್ಲ. ಮನೆಯೊಳಗಿನ ಸಪ್ಪಳಗಳೇ ಸಂಗೀತ. ಗೋಡೆ ಗಡಿಯಾರದ ಟಿಕ್ ಟಿಕ್ ಮುದುಕನ ವಯಸ್ಸನ್ನು ಎಣಿಸುತ್ತಲೇ ಇರುತ್ತದೆ. ಎರಡನೇ ಸಂಬಂಧಕ್ಕೆ ಹದಿನೈದರ ಹುಡುಗಿಯನ್ನು ತಂದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿದ್ದವು ಅಂತ ನಿಮ್ಮ ಅಮ್ಮಂದಿರನ್ನು ಕೇಳಿರಿ. ಅವರು ಹೇಳುವುದಿಲ್ಲ. ಎದ್ದು ಚಹಾಕ್ಕಿಡಲು ಹೋಗುತ್ತಾರೆ.

ಎರಡನೆಯದು 1939ರ ‘ಮಾಣೂಸ್’, ಹಿಂದಿಯಲ್ಲಿ ‘ಆದ್ಮಿ’. ಇದರ ನಾಯಕಿ ಶಾಂತಾ ಹುಬ್ಳೀಕರ. ಹೆಸರೇ ಹೇಳುತ್ತದೆ. ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಕನ್ನಡದ ಹುಡುಗಿ, ಹುಟ್ಟುಹೆಸರು ರಾಜಮ್ಮ. ಹುಬ್ಬಳ್ಳಿಯ ಥಿಯೇಟರಿನಲ್ಲಿ ಬಾಗಿಲು ಕಾದವನು ಎರಡು ದಶಕದ ಮೇಲೆ ಹುಬ್ಬಳ್ಳಿಯ ಸೀಮೆಯ ಹೆಣ್ಣುಮಗಳನ್ನು ದೇಶದ ಪರದೆಯ ಮೇಲೆ ನಿಲ್ಲಿಸಿದ. ಅವಳದು ವೇಶ್ಯೆಯ ಪಾತ್ರ, ಅವಳನ್ನು ಮೆಚ್ಚುವವನು ಒಬ್ಬ ಪೋಲೀಸ್ ಪೇದೆ. ಪ್ರೇಮ ಸೋತ ಕೂಡಲೇ ಕುಡಿದು ಸಾಯುವ ‘ದೇವದಾಸ’ನ ಗಾಳಿ ದೇಶದ ತುಂಬ ಬೀಸುತ್ತಿದ್ದಾಗ, ಬದುಕುವುದಿದೆಯಲ್ಲ ಅಂತ ಶಾಂತಾರಾಮ ಕೊಟ್ಟ ಉತ್ತರ ಇದು. "ಕಶಾಲಾ ಉದ್ಯಾಚೀ ಬಾತ", ನಾಳೆಯ ಮಾತು ಯಾತಕ್ಕೆ ಅಂತ ಅವಳು ಹಾಡುವಾಗ ಕಣ್ಣು ನೋಡಬೇಕು ನೀವು. ಬಾಯಿ ನಗುತ್ತದೆ, ಕಣ್ಣು ನಗುವುದಿಲ್ಲ. ಮುಂದೆ ಆಕೆ ತನ್ನ ಆತ್ಮಕಥೆಗೂ ಅದೇ ಸಾಲನ್ನು ಹೆಸರಾಗಿ ಇಟ್ಟರು. ಬೀಳಗಿಯ ಗಾಯಕಿ, ನಟಿ ಅಮೀರಬಾಯಿ ಕರ್ನಾಟಕಿ ಅವರನ್ನು ನಾವು ಈಚೆಗಾದರೂ ನೆನೆಯುತ್ತಿದ್ದೇವೆ, ಈ ಊರಲ್ಲಿ ಅವರ ಹೆಸರಿನ ಅಮೀರ ಟಾಕೀಸ್ ಇತ್ತು ಅನ್ನುವ ಕಾರಣಕ್ಕಾದರೂ. ಅದರಗುಂಚಿಯ ರಾಜಮ್ಮನನ್ನು ಕನ್ನಡದವರು ಪೂರಾ ಮರೆತೇಬಿಟ್ಟೆವು. ಬೇಸರದ ಮಾತು, ಆದರೆ ಆಡದೆ ಇರಲಾರೆ.

ಮೂರನೆಯದು 1941ರ ‘ಶೇಜಾರಿ’, ಹಿಂದಿಯ ‘ಪಡೋಸಿ’. ಅಕ್ಕಪಕ್ಕದ ಮನೆಯ ಒಬ್ಬ ಹಿಂದೂ, ಒಬ್ಬ ಮುಸ್ಲಿಂ, ಇಬ್ಬರು ಹಳೆಯ ಗೆಳೆಯರು. ಅಣೆಕಟ್ಟು ಕಟ್ಟಲು ಬಂದ ಹೊರಗಿನವನು ಅವರನ್ನು ಒಡೆಯುತ್ತಾನೆ. ಹಿಂದಿಯಲ್ಲಿ ಹಿಂದೂ ಪಾತ್ರಕ್ಕೆ ಮಜಹರ್ ಖಾನ್, ಮುಸ್ಲಿಂ ಪಾತ್ರಕ್ಕೆ ಗಜಾನನ ಜಾಗೀರದಾರ. ಈ ಅದಲುಬದಲಿನ ಬಗ್ಗೆ ನಾನು ವಿವರಣೆ ಕೊಡುವುದಿಲ್ಲ. ಗುಮ್ಮಟದ ಊರಲ್ಲಿ ಕೂತಿದ್ದೇವೆ, ನಿಮಗೇ ತಿಳಿಯುತ್ತದೆ.

ಆಮೇಲೆ ಪ್ರಭಾತ ಒಡೆಯಿತು. ಜಗಳ, ಪಾಲು, ಮನಸ್ತಾಪ, ಎಲ್ಲ ಕಂಪನಿಗಳ ಹಣೆಬರಹ. 1942ರಲ್ಲಿ ಮುಂಬಯಿಗೆ ಹೋಗಿ ತಂದೆ ರಾಜಾರಾಮ, ತಾಯಿ ಕಮಲಾ ಇಬ್ಬರ ಹೆಸರು ಕೂಡಿಸಿ ರಾಜಕಮಲ ಕಲಾಮಂದಿರ ಕಟ್ಟಿದರು. ಮೂರು ಮದುವೆ, ಅದರಲ್ಲಿ ಇಬ್ಬರು ಅವರ ಸಿನಿಮಾಗಳ ನಾಯಕಿಯರೇ, ಜಯಶ್ರೀ ಮತ್ತು ಸಂಧ್ಯಾ. ಮನೆಯ ಮಾತು, ಅದರ ಗೊಡವೆ ನಮಗೆ ಬೇಡ.

ಮತ್ತೆ ಕ್ಯಾಮರಾದ ಮುಂದೆ ಬಂದದ್ದು 1946ರ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ಗೆ. ದ್ವಾರಕಾನಾಥ ಕೋಟ್ನಿಸ್ ಇಲ್ಲಿಂದ ನೂರು ಕಿಲೋಮೀಟರು ದೂರದ ಸೊಲ್ಲಾಪುರದವರು. 1938ರಲ್ಲಿ ಕಾಂಗ್ರೆಸ್ಸು ಚೀನಕ್ಕೆ ಕಳಿಸಿದ ಐವರು ಡಾಕ್ಟರರಲ್ಲಿ ಒಬ್ಬರು. ಯುದ್ಧಭೂಮಿಯಲ್ಲಿ ದುಡಿದು, ಅಲ್ಲಿಯ ಹೆಣ್ಣುಮಗಳನ್ನೇ ಮದುವೆಯಾಗಿ, 32ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು. ಕಥೆ ಎದೆ ತಟ್ಟುವಂಥದ್ದು. ಆದರೆ ನೇರವಾಗಿ ಹೇಳುತ್ತೇನೆ, ಎಳೆ ಡಾಕ್ಟರನ ಪಾತ್ರವನ್ನು ನಲವತ್ನಾಲ್ಕರ ಶಾಂತಾರಾಮರು ಮಾಡಬಾರದಿತ್ತು. ನಾಟಕದ ಕಂಪನಿಯ ಹಿಂದಿನ ಸಾಲಿಗೂ ಕೇಳಲಿ ಅನ್ನುವ ಹಾಗೆ ಮಾತಾಡುತ್ತಾರೆ. ಕೈ ಎತ್ತಿದರೆ ಇಳಿಸುವುದೇ ಇಲ್ಲ. ನಿರ್ದೇಶಕ ಶಾಂತಾರಾಮ ನಟ ಶಾಂತಾರಾಮನಿಗೆ ಹೆದರಿದಂತೆ ಕಾಣುತ್ತದೆ.

ಹನ್ನೊಂದು ವರ್ಷದ ಮೇಲೆ ಅದೇ ಮನುಷ್ಯ ‘ದೋ ಆಂಖೇ ಬಾರಹ್ ಹಾಥ್’ದಲ್ಲಿ ಜೇಲರ್ ಆದಿನಾಥನಾಗಿ ಬಂದರು. ಈಗ ಮಾತು ಕಡಿಮೆ. ಕೊಲೆ ಮಾಡಿದ ಆರು ಮಂದಿ ಖೈದಿಗಳನ್ನು ಸರಪಳಿ ಬಿಚ್ಚಿಸಿ, ಬಯಲಿಗೆ ಕರೆದುಕೊಂಡು ಹೋಗಿ ಬರಡು ಭೂಮಿ ಉಳುಮೆ ಮಾಡಿಸುವ ಜೇಲರ್. ಆರು ಮಂದಿಗೆ ಹನ್ನೆರಡು ಕೈ, ಕಾಯುವುದಕ್ಕೆ ಅವನ ಎರಡು ಕಣ್ಣು. ಬೇಲಿ ಇಲ್ಲ, ಬಂದೂಕು ಇಲ್ಲ. ಬೆಳೆದ ಕಾಯಿಪಲ್ಲೆಯನ್ನು ಸೋವಿಗೆ ಮಾರಿದರೆ ಪೇಟೆಯ ದಲಾಲರಿಗೆ ಸಂಕಟ. ನಮ್ಮ ಎಪಿಎಂಸಿ ನೋಡಿದವರಿಗೆ ಈ ಭಾಗ ಬಿಡಿಸಿ ಹೇಳಬೇಕಾಗಿಲ್ಲ.

ಕಥೆ ಬರೆದವರು ಗ. ದಿ. ಮಾಡಗೂಳ್ಕರ. ಆದರೆ ಇದು ಬರೀ ಕಥೆಯಲ್ಲ. ಔಂಧ ಸಂಸ್ಥಾನದಲ್ಲಿ ನಿಜವಾಗಿ ನಡೆದ ಪ್ರಯೋಗ. ಆಟಪಾಡಿ ಹತ್ತಿರ ಸ್ವತಂತ್ರಪುರ ಅಂತ ಊರನ್ನೇ ಕಟ್ಟಿ ಖೈದಿಗಳನ್ನು ಬೇಲಿಯಿಲ್ಲದೆ ಇಟ್ಟಿದ್ದರು. ಆ ವಿಚಾರ ಕೊಟ್ಟವರು ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಇಂಜಿನಿಯರ್, ಅದಕ್ಕೂ ಮೊದಲು ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆ ನಡೆಸಿದವರು, ಗಾಂಧೀಜಿಯ ಒಡನಾಡಿ. ರಾಜ ಭವಾನರಾವ ಪಂತ ಪ್ರತಿನಿಧಿ ಒಪ್ಪಿದರು. ಬೆಳಗಾವಿಯಲ್ಲಿ ಜಾಗ ಕಳೆದುಕೊಂಡ ಉದ್ಯಮಿ ಲಕ್ಷ್ಮಣರಾವ ಕಿರ್ಲೋಸ್ಕರರಿಗೆ ಕಾರ್ಖಾನೆ ಕಟ್ಟಲು ನೆಲ ಕೊಟ್ಟ ರಾಜನೂ ಇವರೇ.

ಈಗ ನಾನು ಇಷ್ಟು ಹೊತ್ತು ಬಾಯಲ್ಲಿಟ್ಟುಕೊಂಡಿದ್ದ ಮಾತು. ಔಂಧ ಸಂಸ್ಥಾನ ಒಂದೇ ತುಂಡಾಗಿರಲಿಲ್ಲ, ಕೌದಿಗೆ ಹಚ್ಚಿದ ಅರಿವೆಯ ಹಾಗೆ ಅಲ್ಲೊಂದು ಇಲ್ಲೊಂದು ಚದುರಿತ್ತು. ಔಂಧ, ಆಟಪಾಡಿ, ಕುಂಡಲ, ನಾಲ್ಕನೆಯದು ಗುಣದಾಳ. ನಮ್ಮ ಜಿಲ್ಲೆಯ ಗುಣದಾಳ! ಆಟಪಾಡಿಯಲ್ಲಿ ಖೈದಿಗಳ ಸರಪಳಿ ಬಿಚ್ಚಿದಾಗ ಗುಣದಾಳದ ಕನ್ನಡದ ಒಕ್ಕಲುಮಕ್ಕಳಿಗೂ ಅದೇ ರಾಜ. (ಇಲ್ಲಿ ಸಭೆಯಲ್ಲಿ ಗುಜುಗುಜು. ನಾನು ನೀರು ಕುಡಿದೆ.)

ಸಿನಿಮಾದ ಕೊನೆಗೆ ಜೇಲರ್ ಹೋರಿಯ ಎದುರು ನಿಲ್ಲುತ್ತಾನೆ. ಬದಲಿ ಆಳನ್ನು ಇಡದೆ ಶಾಂತಾರಾಮರೇ ಹೋರಿಯ ಜೊತೆ ಸೆಣಸಿದರು, ಕಣ್ಣಿಗೆ ಪೆಟ್ಟಾಯಿತು. ಪಟ್ಟಿ ಕಟ್ಟಿಕೊಂಡು ಕತ್ತಲಲ್ಲಿ ಮಲಗಿದರು, ದೃಷ್ಟಿ ಹೋದೀತೆಂಬ ಭಯ. ಎರಡು ಕಣ್ಣಿನ ಸಿನಿಮಾ ಮಾಡುವಾಗ ಎರಡು ಕಣ್ಣೂ ಹೋಗುವಂತಾಯಿತು! ಕಾದಂಬರಿಯಲ್ಲಿ ಬರೆದರೆ ಓದುಗರು ನಂಬುವುದಿಲ್ಲ. ದೃಷ್ಟಿ ಉಳಿಯಿತು. ರಾಷ್ಟ್ರಪತಿಗಳ ಚಿನ್ನದ ಪದಕ ಬಂತು, 1958ರಲ್ಲಿ ಬರ್ಲಿನ್ ಉತ್ಸವದ ಬೆಳ್ಳಿ ಕರಡಿ ಬಂತು. ಎರಡು ವರ್ಷ ಮೊದಲು ‘ಝನಕ್ ಝನಕ್ ಪಾಯಲ್ ಬಾಜೇ’ಯಲ್ಲಿ ಟೆಕ್ನಿಕಲರ್ ಬಣ್ಣದ ಓಕುಳಿ ಆಡಿ ಹಣ ಗಳಿಸಿದ ಮನುಷ್ಯ, ಈ ಕಥೆಗೆ ಮತ್ತೆ ಕಪ್ಪು-ಬಿಳುಪಿಗೆ ಬಂದರಲ್ಲ, ನನಗೆ ಪದಕಗಳಿಗಿಂತ ಅದೇ ದೊಡ್ಡದು.

ಕಣ್ಣು ತಿರುಗಿ ಬಂದ ಖುಷಿಗೆ 1959ರಲ್ಲಿ ‘ನವರಂಗ್’ ಮಾಡಿದರು. ಹೆಸರಿಗೆ ತಕ್ಕಂತೆ ಬಣ್ಣವೋ ಬಣ್ಣ. ಅಲ್ಲಿಂದ ಮುಂದಿನವು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಬಣ್ಣ ಹೆಚ್ಚಾದಂತೆ ಕಣ್ಣು ಕಡಿಮೆಯಾಯಿತು. ಒಂದನ್ನು ಮಾತ್ರ ಹೊರಗಿಡುತ್ತೇನೆ, 1972ರ ಮರಾಠಿ ‘ಪಿಂಜರಾ’. ತಮಾಶಾ ಅನ್ನುವ ಮರಾಠಿ ಹಾಡು-ಕುಣಿತದ ಆಟದ ಹೆಣ್ಣಿನ ಹಿಂದೆ ಹೋಗಿ ಮಾನ ಕಳೆದುಕೊಳ್ಳುವ ಮಾಸ್ತರನ ಕಥೆ. ಶ್ರೀರಾಮ ಲಾಗೂ ಮಾಸ್ತರ. ಮರಾಠಿ ಬಾರದ ನಮ್ಮ ದೊಡ್ಡಪ್ಪ ಅದನ್ನು ನಾಲ್ಕು ಸಲ ನೋಡಿದ್ದರಂತೆ, ನಮ್ಮ ದೊಡ್ಡವ್ವ ಇದನ್ನು ಯಾವತ್ತೂ ನಗುತ್ತಾ ಹೇಳಿದ್ದಿಲ್ಲ.

1985ರ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 1990ರ ಅಕ್ಟೋಬರ್ 30ಕ್ಕೆ ಮುಂಬಯಿಯಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 1992ರಲ್ಲಿ, ಸತ್ತ ಮೇಲೆ.

ನನ್ನ ಮಾತು ಇಷ್ಟೇ ಇತ್ತು. ಪ್ರಶ್ನೆ ಕೇಳಿರಿ ಅಂದಾಗ ಮೊದಲು ಯಾರೂ ಏಳಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಪಟಗಾ ಸುತ್ತಿದ ಹಿರಿಯರೊಬ್ಬರು ಕೋಲೂರಿಕೊಂಡು ಎದ್ದರು. "ಸರ, ನಮ್ಮದು ಗುಣದಾಳ ಸೀಮಿರಿ. ನಮ್ಮ ಅಜ್ಜ ಹೇಳತಿದ್ದ, ಔಂಧದ ರಾಜಾ ಸಾಲಿ ಹುಡುಗರಿಗೆಲ್ಲ ಸೂರ್ಯನಮಸ್ಕಾರ ಹಾಕಸತಿದ್ನಂತ. ಹಾಕಲಿಲ್ಲಂದ್ರ ಮಾಸ್ತರ ಬಡೀತಿದ್ನಂತ."

ಖರೇ ಅದ, ಆ ರಾಜ ಸೂರ್ಯನಮಸ್ಕಾರದ ಮೇಲೆ ಪುಸ್ತಕವನ್ನೇ ಬರೆದವರು ಅಂದೆ.

"ಅಲ್ಲರಿ," ಅಂದರು ಅವರು, ಕೂಡದೆ. "ಕೊಲಿ ಮಾಡಿದವರಿಗೆ ಬೇಡಿ ಬಿಚ್ಚಿದ್ರು. ನಮ್ಮಜ್ಜಗ ಬೆತ್ತದ ಏಟು. ಇದು ಯಾವ ನ್ಯಾಯರಿ?"

ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಹತ್ತಿರ ಉತ್ತರವಿರಲಿಲ್ಲ. ಬಳಗದ ಹುಡುಗ ದೀಪ ಆರಿಸಿ ಪ್ರೊಜೆಕ್ಟರ್ ಹಚ್ಚಿದ. ಹಿರಿಯರು ಆಮೇಲೂ ಕೂಡಲಿಲ್ಲ, ಸಿನಿಮಾ ಪೂರ್ತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ನೋಡಿದರು.